ಐದು ಮೀಟರ್ ಪೋಲ್, ಹದಿನೈದು ಕಿಲೋ ಟಿಕೆಟ್

ಪೋಲ್‌ವಾಲ್ಟ್‌ನ ಪೋಲ್ ಮಡಚುವುದಿಲ್ಲ. ಬಿಚ್ಚಿ ಎರಡು ತುಂಡು ಮಾಡಲೂ ಬರುವುದಿಲ್ಲ. ಗಾಜಿನ ನಾರನ್ನೋ ಕಾರ್ಬನ್ ನಾರನ್ನೋ ಪದರ ಪದರವಾಗಿ ಸುತ್ತಿ ಮಾಡಿದ ಈ ಟೊಳ್ಳು ಕೊಳವೆ, ಓಡಿಬಂದವರ ವೇಗವನ್ನು ಬಿಲ್ಲಿನಂತೆ ಬಾಗಿ ತನ್ನೊಳಗೆ ಹಿಡಿದಿಟ್ಟುಕೊಂಡು, ಮತ್ತೆ ನೆಟ್ಟಗಾಗುತ್ತ ಅವರನ್ನು ಮೇಲಕ್ಕೆ ಎಸೆಯಬೇಕು. ನಡುವೆ ಒಂದು ಕೀಲು ಇಟ್ಟರೆ ಪೋಲ್ ಅಲ್ಲಿಯೇ ಮುರಿದೀತು. ಮೇಲ್ಮಟ್ಟದ ಪುರುಷ ಸ್ಪರ್ಧಿಗಳ ಪೋಲ್ ಐದು ಮೀಟರಿನ ಆಸುಪಾಸು ಉದ್ದವಿರುತ್ತದೆ. ಮಹಿಳೆಯರದು ನಾಲ್ಕರಿಂದ ನಾಲ್ಕೂವರೆ ಮೀಟರ್. ಒಬ್ಬ ಸ್ಪರ್ಧಿ ಒಂದೇ ಪೋಲ್ ಹಿಡಿದು ಹೊರಡುವುದೂ ಇಲ್ಲ. ಗಾಳಿ, ಓಟದ ವೇಗ, ಏರಬೇಕಾದ ಎತ್ತರ ಇವುಗಳಿಗೆ ತಕ್ಕಂತೆ ಒಂದಕ್ಕಿಂತ ಒಂದು ತುಸು ಗಡಸಾದ ಆರೆಂಟು ಪೋಲ್‌ಗಳ ಕಟ್ಟು ಜೊತೆಗಿರಬೇಕಾಗುತ್ತದೆ. ವಿಮಾನದ ಟಿಕೆಟ್ ಬಲ್ಲದ್ದು ಮಾತ್ರ ಬೇರೆ ಭಾಷೆ: ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯ ದರ್ಜೆಗೆ 15 ಕಿಲೋ, ಚೀಲದ ಉದ್ದ ಅಗಲ ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್, ಒಂದೊಂದು ಚೀಲದ ಭಾರ ಯಾವ ಕಾರಣಕ್ಕೂ 32 ಕಿಲೋ ಮೀರಬಾರದು. ಈ ಕೊನೆಯ ಮಿತಿ ಇರುವುದು ವಿಮಾನದ ಸಲುವಾಗಿಯಲ್ಲ, ಚೀಲ ಎತ್ತುವ ಕಾರ್ಮಿಕರ ಬೆನ್ನಿನ ಸಲುವಾಗಿ.

ಕ್ರೀಡಾಪಟುಗಳಿಗೂ ವಿಮಾನ ಸಂಸ್ಥೆಗಳಿಗೂ ಚೆಕ್-ಇನ್ ಕೌಂಟರಿನಲ್ಲಿ ನಡೆಯುವ ಜಗಳ ಹೊರಗಿನಿಂದ ನೋಡಿದವರಿಗೆ ಒಂದೇ ಜಗಳವಾಗಿ ಕಾಣುತ್ತದೆ. ನಿಜದಲ್ಲಿ ಅಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಈ ವಸ್ತುವನ್ನು ಈ ವಿಮಾನದಲ್ಲಿ ಒಯ್ಯಲು ಸಾಧ್ಯವೇ ಎಂಬುದು ಮೊದಲನೆಯದು. ಒಯ್ದರೆ ಎಷ್ಟು ಹಣ ಎಂಬುದು ಎರಡನೆಯದು. ಒಯ್ಯುವಾಗ ಮುರಿದರೆ ಅಥವಾ ಕಳೆದರೆ ಯಾರು ಎಷ್ಟು ತುಂಬಿಕೊಡಬೇಕು ಎಂಬುದು ಮೂರನೆಯದು. ಮೊದಲನೆಯದಕ್ಕೆ ಉತ್ತರ ಕೊಡುವುದು ವಿಮಾನದ ಹೊಟ್ಟೆಯ ಅಳತೆ ಮತ್ತು ಸುರಕ್ಷತಾ ನಿಯಮ, ಎರಡನೆಯದಕ್ಕೆ ಸಂಸ್ಥೆಯ ದರಪಟ್ಟಿ, ಮೂರನೆಯದಕ್ಕೆ ಕಾನೂನು. ಪ್ರಯಾಣಿಕ ಮೂರನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದರೆ ಕೌಂಟರಿನಲ್ಲಿರುವವರು ಎರಡನೆಯದಕ್ಕೆ ಉತ್ತರಿಸುತ್ತಿರುತ್ತಾರೆ, ವಿಮಾನಕ್ಕೆ ಸಾಮಾನು ತುಂಬುವವರು ಅಷ್ಟರಲ್ಲಿ ಮೊದಲನೆಯದನ್ನು ತೀರ್ಮಾನಿಸಿಬಿಟ್ಟಿರುತ್ತಾರೆ. ಬಹುಪಾಲು ವ್ಯಾಜ್ಯಗಳು ಹುಟ್ಟುವುದು ಈ ಗೊಂದಲದಲ್ಲಿ.

ಮೊದಲು ವಿಮಾನದ ಹೊಟ್ಟೆಯನ್ನೇ ನೋಡೋಣ. ಭಾರತದಲ್ಲಿ ಅತಿ ಹೆಚ್ಚು ಕಾಣುವ ಏರ್‌ಬಸ್ 320 ವಿಮಾನದ ಸಾಮಾನು ಕೋಣೆಯನ್ನು ಎರಡು ಬಗೆಯಲ್ಲಿ ತುಂಬಬಹುದು. ಚೀಲಗಳನ್ನು ಬಿಡಿಬಿಡಿಯಾಗಿ ಜೋಡಿಸುವುದು ಒಂದು ಬಗೆ. ಮೊದಲೇ ತುಂಬಿಟ್ಟ ಸಣ್ಣ ಅಲ್ಯೂಮಿನಿಯಂ ಕಂಟೇನರ್‌ಗಳನ್ನು, ಒಟ್ಟು ಏಳರವರೆಗೆ, ಒಳಗೆ ತಳ್ಳುವುದು ಇನ್ನೊಂದು. ಆ ಕಂಟೇನರಿನ ಅತಿ ಅಗಲವಾದ ಭಾಗವೇ 2.44 ಮೀಟರ್, ತಳವಂತೂ 1.56 ಮೀಟರ್. ಪುರುಷರ ಜಾವೆಲಿನ್ 2.6ರಿಂದ 2.7 ಮೀಟರ್ ಉದ್ದವಿರುತ್ತದೆ. ಎಂದರೆ, ಬಿಡಿ ಚೀಲಗಳನ್ನು ಜೋಡಿಸುವ ವಿಮಾನದಲ್ಲಿ ತಕರಾರಿಲ್ಲದೆ ಹೋದ ಜಾವೆಲಿನ್ ಕಂಟೇನರ್ ಬಳಸುವ ಅದೇ ಮಾದರಿಯ ವಿಮಾನದಲ್ಲಿ ನಿಂತುಬಿಡಬಹುದು. ಬೋಯಿಂಗ್ 737ರಲ್ಲಿ ಎಲ್ಲವನ್ನೂ ಬಿಡಿಯಾಗಿಯೇ ತುಂಬುತ್ತಾರೆ. ಅಗಲ ದೇಹದ ದೊಡ್ಡ ವಿಮಾನಗಳಲ್ಲಿ ಉದ್ದನೆಯ ಸಾಮಾನಿಗೆ ಬಾಲದ ಕಡೆ ಒಂದು ಪ್ರತ್ಯೇಕ ಜಾಗವಿರುತ್ತದೆ. ಬೆಂಗಳೂರಿನಿಂದ ಹತ್ತಿರದ ಊರುಗಳಿಗೆ ಹಾರುವ ಎಟಿಆರ್-72 ಪ್ರೊಪೆಲ್ಲರ್ ವಿಮಾನದ ಸಾಮಾನು ಕೋಣೆ ಇವೆಲ್ಲಕ್ಕಿಂತ ಚಿಕ್ಕದು. ಅಲ್ಲಿ ಎರಡು ಸೈಕಲ್ ಪೆಟ್ಟಿಗೆಗಳೇ ಉಳಿದವರ ಚೀಲಗಳ ಜಾಗವನ್ನು ನುಂಗಿಬಿಡುತ್ತವೆ. ಹಲವು ಸಂಸ್ಥೆಗಳು ಮೂರು ಮೀಟರಿನಷ್ಟಕ್ಕೆ ಉದ್ದದ ಮಿತಿ ಹಾಕಿಕೊಂಡಿರುವುದು ಹಟದಿಂದಲ್ಲ. ಆದರೆ ಆ ಮಿತಿಯ ಹಿಂದೆ ಯಾವ ವಿಮಾನವಿದೆ ಎಂಬುದನ್ನು ಅವು ಹೇಳುವುದಿಲ್ಲ. ಆದ್ದರಿಂದಲೇ ಹೋಗುವಾಗ ಹೋದ ಪೋಲ್ ಬರುವಾಗ ಬರುವುದಿಲ್ಲ, ಆಟಗಾರನಿಗೆ ಅದು ಬರೀ ಕೌಂಟರಿನವರ ಮನಬಂದ ನಿರ್ಧಾರವಾಗಿ ಕಾಣುತ್ತದೆ.

ಇಲ್ಲಿ ಬುಕಿಂಗ್ ವ್ಯವಸ್ಥೆಯ ಒಂದು ಒಳಗುಟ್ಟು ತಿಳಿದಿರುವುದು ಒಳ್ಳೆಯದು. ವಿಮಾನ ಸಂಸ್ಥೆಗಳ ಗಣಕಗಳಲ್ಲಿ ವಿಶೇಷ ಸಾಮಾನಿಗೆ ನಾಲ್ಕಕ್ಷರದ ಸಂಕೇತಗಳಿವೆ: ಸೈಕಲ್ಲಿಗೆ ಬಿಐಕೆಇ, ಇತರ ಕ್ರೀಡಾ ಸಲಕರಣೆಗೆ ಎಸ್‌ಪಿಇಕ್ಯು, ಬಂದೂಕಿಗೆ ಡಬ್ಲ್ಯುಇಎಪಿ. ಪ್ರಯಾಣಿಕ ಫೋನಿನಲ್ಲಿ ಹೇಳಿದ ಕೂಡಲೇ ಈ ಸಂಕೇತ ಟಿಕೆಟ್ಟಿನಲ್ಲಿ ಕೂಡಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಎರಡಕ್ಷರದ ಇನ್ನೊಂದು ಗುರುತು ಇರುತ್ತದೆ. ಎಚ್‌ಎನ್ ಎಂದಿದ್ದರೆ ಕೇಳಿಕೊಳ್ಳಲಾಗಿದೆ ಎಂದಷ್ಟೇ ಅರ್ಥ, ಎಚ್‌ಕೆ ಎಂದಿದ್ದರೆ ಒಪ್ಪಲಾಗಿದೆ ಎಂದು. “ನಿಮ್ಮ ಸೈಕಲ್ ನೋಂದಾಯಿಸಿದ್ದೇವೆ” ಎಂದು ಗ್ರಾಹಕ ಸೇವೆಯವರು ಹೇಳುವ ಮಾತು ಈ ಎರಡರಲ್ಲಿ ಯಾವುದು ಎಂಬುದನ್ನು ಬಿಟ್ಟುಕೊಡುವುದಿಲ್ಲ. ಕೇಳಿಕೊಂಡದ್ದನ್ನೇ ಒಪ್ಪಿಗೆಯೆಂದು ನಂಬಿ ವಿಮಾನ ನಿಲ್ದಾಣಕ್ಕೆ ಹೋಗಿ ಪೇಚಿಗೆ ಸಿಕ್ಕುವವರೇ ಹೆಚ್ಚು. ಒಪ್ಪಿಗೆಯಾಗಿದೆ ಎಂಬುದನ್ನು ಬರಹದಲ್ಲಿ ಪಡೆದುಕೊಂಡವರ ಸ್ಥಿತಿ ಮುಂದೆ ವ್ಯಾಜ್ಯದ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಆಗ ಅದು ಕೃಪೆಯ ಮಾತಲ್ಲ, ಒಪ್ಪಂದದ ಭಾಗ. ಆದರೂ “ಜಾಗವಿದ್ದರೆ ಮಾತ್ರ” ಎಂಬ ಷರತ್ತು ಬಹುತೇಕ ಎಲ್ಲ ಸಂಸ್ಥೆಗಳ ಕರಾರಿನಲ್ಲಿಯೂ ಇದೆ. ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾದರೆ ಅದೇ ಷರತ್ತು ಮುಂದೆ ಬಂದು ನಿಲ್ಲುತ್ತದೆ.

ಸುರಕ್ಷತೆಯ ನಿಯಮಗಳು ಇನ್ನೂ ಬಿಗಿ, ಅಲ್ಲಿ ವಾದಕ್ಕೆ ಹೆಚ್ಚು ಎಡೆಯಿಲ್ಲ. ಕ್ರಿಕೆಟ್ ಬ್ಯಾಟ್, ಹಾಕಿ ಸ್ಟಿಕ್, ಗಾಲ್ಫ್ ಕೋಲು, ಬಿಲ್ಲುಬಾಣ ಇವುಗಳನ್ನು ಪ್ರಯಾಣಿಕರ ಜೊತೆ ಕ್ಯಾಬಿನ್ನಿಗೆ ಬಿಡುವುದಿಲ್ಲ ಎಂಬುದನ್ನು ಕೊಡಗಿನ ಯಾವ ಹಾಕಿ ಆಟಗಾರನಿಗೂ ಹೇಳಿಕೊಡಬೇಕಿಲ್ಲ. ಸೈಕಲ್ ಸವಾರರು ಎಡವುವುದು ಸಣ್ಣ ವಸ್ತುಗಳಲ್ಲಿ. ಪಂಕ್ಚರ್ ಆದಾಗ ಟೈರಿಗೆ ಗಾಳಿ ತುಂಬಲು ಇಟ್ಟುಕೊಳ್ಳುವ ಹೆಬ್ಬೆರಳು ಗಾತ್ರದ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಒಂದು ಅಪಾಯಕಾರಿ ಸರಕು. ಅಂತರರಾಷ್ಟ್ರೀಯ ನಿಯಮದಂತೆ ತಲಾ 50 ಮಿಲಿಲೀಟರ್ ಮೀರದ ನಾಲ್ಕನ್ನು ಒಯ್ಯಬಹುದಾದರೂ ಅದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ವಿದ್ಯುತ್ ಸಹಾಯದ ಸೈಕಲ್ಲಿನ ಬ್ಯಾಟರಿ ಸಾಮಾನ್ಯವಾಗಿ 160 ವ್ಯಾಟ್-ಅವರ್ ಮೀರುವುದರಿಂದ ಅದನ್ನು ಪ್ರಯಾಣಿಕ ವಿಮಾನದಲ್ಲಿ ಲಗೇಜಾಗಿ ಒಯ್ಯುವ ದಾರಿಯೇ ಇಲ್ಲ. ಬಿಡಿ ಲಿಥಿಯಂ ಬ್ಯಾಟರಿಗಳು, ಎಷ್ಟೇ ಚಿಕ್ಕವಿರಲಿ, ಕೈಚೀಲದಲ್ಲಿಯೇ ಇರಬೇಕು. ಇವು ಸೈಕಲ್ ಪೆಟ್ಟಿಗೆಯಲ್ಲಿದ್ದರೆ ಕೌಂಟರಿನಲ್ಲಿ ಯಾರಿಗೂ ಕಾಣುವುದಿಲ್ಲ. ಒಳಗಿನ ಎಕ್ಸ್-ರೇ ಯಂತ್ರಕ್ಕೆ ಕಾಣುತ್ತವೆ, ಅಷ್ಟರಲ್ಲಿ ಸವಾರ ಭದ್ರತಾ ತಪಾಸಣೆ ದಾಟಿರುತ್ತಾನೆ, ಪೆಟ್ಟಿಗೆ ಹಿಂದೆ ಉಳಿಯುತ್ತದೆ. ಇಂಥ ಪ್ರಕರಣದಲ್ಲಿ ವಿಳಂಬಕ್ಕೆ ಪರಿಹಾರ ಕೇಳಿದರೆ, ತಪ್ಪು ಪ್ರಯಾಣಿಕನದೇ ಎಂದು ಸಂಸ್ಥೆ ಹೇಳುವುದರಲ್ಲಿ ನ್ಯಾಯವಿದೆ.

ಶೂಟಿಂಗ್ ಕ್ರೀಡೆಯವರಿಗೆ ಇವೆರಡರ ಜೊತೆಗೆ ಕಾಗದಪತ್ರಗಳ ಕೆಲಸವೂ ಸೇರುತ್ತದೆ. ಬಂದೂಕಿನಲ್ಲಿ ಗುಂಡಿರಬಾರದು, ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ವಿಮಾನದ ಹೊಟ್ಟೆಗೆ ಹೋಗಬೇಕು, ಮದ್ದುಗುಂಡು ಒಬ್ಬರಿಗೆ 5 ಕಿಲೋ ಮೀರಬಾರದು, ತಂಡದವರ ಪಾಲನ್ನು ಒಟ್ಟುಗೂಡಿಸಿ ಒಂದೇ ಪೆಟ್ಟಿಗೆ ಮಾಡಬಾರದು. ಇಷ್ಟಾದ ಮೇಲೂ ಸಂಸ್ಥೆಗಳು ಆಯುಧ ನಿರ್ವಹಣೆಗೆಂದು ಬೇರೆ ಶುಲ್ಕ ಕೇಳುವುದುಂಟು, ಕ್ರೀಡಾಪಟುಗಳಿಗೆ ದಾಖಲೆ ತೋರಿಸಿದರೆ ವಿನಾಯಿತಿ ಕೊಡುವುದೂ ಉಂಟು. 2021ರ ಫೆಬ್ರುವರಿಯಲ್ಲಿ ಶೂಟರ್ ಮನು ಭಾಕರ್ ತರಬೇತಿಗೆಂದು ದೆಹಲಿಯಿಂದ ಭೋಪಾಲಕ್ಕೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ತಮ್ಮನ್ನು ತಡೆದು ಹಣ ಕೇಳುತ್ತಿದ್ದಾರೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ತಮ್ಮಲ್ಲಿದೆ ಎಂದು ಟ್ವಿಟರ್‌ನಲ್ಲಿ ಬರೆದರು. ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ನಡುವೆ ಬಂದರು, ಮನು ಪ್ರಯಾಣ ಮಾಡಿದರು. ಶುಲ್ಕ ಮನ್ನಾ ಮಾಡಲು ಬೇಕಾದ ದಾಖಲೆಗಳನ್ನಷ್ಟೇ ಸಿಬ್ಬಂದಿ ಕೇಳಿದ್ದರು ಎಂಬುದು ಏರ್ ಇಂಡಿಯಾದ ಉತ್ತರವಾಗಿತ್ತು. ಯಾರ ಮಾತು ಎಷ್ಟು ಸರಿ ಎಂದು ಅಳೆಯುವುದಕ್ಕಿಂತ ಆ ಪ್ರಕರಣದ ಸ್ವರೂಪವನ್ನು ಗಮನಿಸುವುದು ಹೆಚ್ಚು ಉಪಯುಕ್ತ: ಆಟಗಾರ್ತಿ ಒಯ್ಯುವ ಅನುಮತಿಯ ಪತ್ರವನ್ನು ತೋರಿಸುತ್ತಿದ್ದರು, ಕೌಂಟರಿನವರು ಶುಲ್ಕದ ವಿನಾಯಿತಿಯ ಪತ್ರವನ್ನು ಕೇಳುತ್ತಿದ್ದರು. ಒಲಿಂಪಿಕ್ಸ್‌ಗೆ ಆಯ್ಕೆಯಾದವರಿಗೆ ಸಚಿವರು ಸಿಗುತ್ತಾರೆ. ರಾಜ್ಯಮಟ್ಟದ ಕಿರಿಯರ ಕೂಟಕ್ಕೆ ಹೊರಟ ಹುಡುಗಿಗೆ ಸಿಗುವುದಿಲ್ಲ.

ಶುಲ್ಕದ ವಿಚಾರ ಇಷ್ಟು ದೀರ್ಘವಾಗಿ ಹೇಳುವಂಥದ್ದಲ್ಲ. ಕೆಲವು ಸಂಸ್ಥೆಗಳು ಸೈಕಲ್ಲನ್ನು ಸಾಮಾನ್ಯ ಲಗೇಜಿನ ಪಾಲಿನಲ್ಲಿಯೇ ಸೇರಿಸುತ್ತವೆ, ಕೆಲವು ಒಂದು ಪ್ರಯಾಣಕ್ಕೆ ಇಷ್ಟು ಎಂದು ನಿಗದಿ ಮಾಡಿರುತ್ತವೆ, ಕೆಲವು ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಹಣ ಹಿಡಿಯುತ್ತವೆ. ಎಂಟು ಕಿಲೋ ಸೈಕಲ್ಲನ್ನು ಹನ್ನೆರಡು ಕಿಲೋ ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯ ಭಾರಕ್ಕೇ ಹೆಚ್ಚು ದುಡ್ಡು ಕೊಟ್ಟಂತಾಗುತ್ತದೆ. ಹಗುರವಾಗಲೆಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಮುರಿಯುವ ಅಪಾಯ ಹೆಚ್ಚು. ನಿಜವಾದ ತೊಡಕು ಬರುವುದು ಒಂದೇ ಟಿಕೆಟ್ಟಿನಲ್ಲಿ ಎರಡು ಮೂರು ಸಂಸ್ಥೆಗಳ ವಿಮಾನಗಳಿದ್ದಾಗ. ಆಗ ಯಾರ ದರಪಟ್ಟಿ ನಡೆಯಬೇಕು ಎಂಬುದನ್ನು ತೀರ್ಮಾನಿಸಲು ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ 2011ರಿಂದ ಒಂದು ಸೂತ್ರ ಇಟ್ಟುಕೊಂಡಿದೆ: ಸಾಮಾನ್ಯವಾಗಿ ಪ್ರಯಾಣದ ಅತಿ ಮುಖ್ಯ ಭಾಗವನ್ನು, ಅಂದರೆ ಖಂಡದಿಂದ ಖಂಡಕ್ಕೆ ಹಾರುವ ಭಾಗವನ್ನು, ನಡೆಸುವ ಸಂಸ್ಥೆಯ ನಿಯಮ ಅನ್ವಯಿಸುತ್ತದೆ. ಅಮೆರಿಕಕ್ಕೆ ಹೋಗಿಬರುವ ಪ್ರಯಾಣದಲ್ಲಿ ಮಾತ್ರ ಮೊದಲ ಹಾರಾಟವನ್ನು ತನ್ನ ಹೆಸರಿನಲ್ಲಿ ಮಾರಿದ ಸಂಸ್ಥೆಯ ನಿಯಮವೇ ಕೊನೆಯವರೆಗೂ ನಡೆಯಬೇಕೆಂದು ಅಲ್ಲಿನ ಸರ್ಕಾರ ವಿಧಿಸಿದೆ. ಹಿಂದಿರುಗುವಾಗ ಕೌಂಟರಿನವರು ತಮ್ಮದೇ ದರ ಹೇಳಿದರೆ ತೋರಿಸಬೇಕಾದ್ದು ಇದನ್ನು.

ಗಾಲಿಕುರ್ಚಿಯ ರೇಸಿಂಗ್ ಅಥವಾ ಬ್ಯಾಸ್ಕೆಟ್‌ಬಾಲ್ ಆಡುವ ಅಂಗವಿಕಲ ಕ್ರೀಡಾಪಟುಗಳು ಎದುರಿಸುವ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ದಿನನಿತ್ಯದ ಗಾಲಿಕುರ್ಚಿ ಸಹಾಯಕ ಸಾಧನ, ಭಾರತದ ನಿಯಮದಂತೆಯೂ ಅದಕ್ಕೆ ಶುಲ್ಕವಿಲ್ಲ. ಆದರೆ ಎರಡನೆಯ ಕುರ್ಚಿ, ಮೂರು ಗಾಲಿಯ ಉದ್ದನೆಯ ರೇಸಿಂಗ್ ಕುರ್ಚಿ, ಸಹಾಯಕ ಸಾಧನವೋ ಕ್ರೀಡಾ ಸಲಕರಣೆಯೋ? ಒಂದು ಹೆಸರಿಟ್ಟರೆ ಉಚಿತ, ಇನ್ನೊಂದು ಹೆಸರಿಟ್ಟರೆ ಹೆಚ್ಚುವರಿ ಲಗೇಜು. ಉತ್ತರ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲೇ ಕೇಳಿ ಬರಹದಲ್ಲಿ ಪಡೆಯಬೇಕಾಗುತ್ತದೆ.

ಕ್ರೀಡಾ ಸಲಕರಣೆಯನ್ನು ಒಯ್ಯಲೇಬೇಕು ಎಂದು ವಿಮಾನ ಸಂಸ್ಥೆಗಳಿಗೆ ಆಜ್ಞಾಪಿಸುವ ಸಾಮಾನ್ಯ ಕಾನೂನು ಭಾರತದಲ್ಲಿ ಇಲ್ಲ. ಇದು ಅಸಾಧ್ಯದ ಮಾತೇನಲ್ಲ ಎಂಬುದಕ್ಕೆ ಸಂಗೀತಗಾರರೇ ಸಾಕ್ಷಿ. ವಾದ್ಯಗಳನ್ನು ಹೊತ್ತು ತಿರುಗುವವರ ದೂರುಗಳ ಬೆನ್ನಲ್ಲಿ ಅಮೆರಿಕದ ಸಂಸತ್ತು 2012ರಲ್ಲಿ ಕಾನೂನು ಮಾಡಿ, ಜಾಗವಿದ್ದರೆ ಪಿಟೀಲಿನಂಥ ಸಣ್ಣ ವಾದ್ಯವನ್ನು ಕ್ಯಾಬಿನ್ನಿನಲ್ಲಿ ಒಯ್ಯಲು ಬಿಡಲೇಬೇಕು, ದೊಡ್ಡ ವಾದ್ಯಗಳನ್ನು ಗೊತ್ತಾದ ಅಳತೆ ಭಾರದೊಳಗಿದ್ದರೆ ಲಗೇಜಾಗಿ ಒಪ್ಪಲೇಬೇಕು ಎಂದು ವಿಧಿಸಿತು. ಅದರ ವಿವರವಾದ ನಿಯಮಗಳು 2015ರ ಮಾರ್ಚ್‌ನಿಂದ ಜಾರಿಯಲ್ಲಿವೆ. ಜಾವೆಲಿನ್ನಿಗೂ ಪೋಲಿಗೂ ಅಂಥ ಕಾನೂನು ಅಲ್ಲಿಯೂ ಬಂದಿಲ್ಲ. ಸಂಗೀತಗಾರರು ಸಂಘ ಕಟ್ಟಿಕೊಂಡು ಒಟ್ಟಾಗಿ ಕೇಳಿದರು. ಕ್ರೀಡಾಪಟುಗಳು ಒಬ್ಬೊಬ್ಬರಾಗಿ ಕೌಂಟರಿನಲ್ಲಿ ಕೇಳುತ್ತಿದ್ದಾರೆ ಎಂಬುದು ನನ್ನ ಅನಿಸಿಕೆ.

ಒಯ್ಯಲು ಒಪ್ಪಿ ಟ್ಯಾಗ್ ಕಟ್ಟಿದ ಕ್ಷಣದಿಂದ ಸ್ಥಿತಿ ಬದಲಾಗುತ್ತದೆ. ಅಲ್ಲಿಂದಾಚೆಗೆ ಪ್ರಯಾಣಿಕನ ಕೈಯಲ್ಲಿ ಗಟ್ಟಿಯಾದ ಕಾನೂನಿದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ ಇದನ್ನು 2009ರಲ್ಲಿ ಒಪ್ಪಿಕೊಂಡು 1972ರ ವಿಮಾನ ಸಾಗಣೆ ಕಾಯ್ದೆಗೆ ಸೇರಿಸಿಕೊಂಡಿದೆ. ಲಗೇಜು ಸಂಸ್ಥೆಯ ವಶದಲ್ಲಿದ್ದಾಗ ಹಾಳಾಯಿತು ಅಥವಾ ಕಳೆಯಿತು ಎಂದಾದರೆ ಸಾಕು, ಸಂಸ್ಥೆಯ ತಪ್ಪನ್ನು ಪ್ರಯಾಣಿಕ ಸಾಬೀತು ಮಾಡಬೇಕಾಗಿಲ್ಲ ಎನ್ನುತ್ತದೆ ಈ ಒಪ್ಪಂದದ 17ನೇ ವಿಧಿ. ವಸ್ತುವಿನಲ್ಲಿಯೇ ಮೊದಲಿಂದ ಇದ್ದ ದೋಷದಿಂದ ಹಾನಿಯಾಗಿದ್ದರೆ ಮಾತ್ರ ಸಂಸ್ಥೆ ಆ ಮಟ್ಟಿಗೆ ಹೊಣೆಯಿಂದ ಪಾರಾಗಬಹುದು. “ಪ್ಯಾಕಿಂಗ್ ಸರಿಯಿರಲಿಲ್ಲ” ಎಂಬ ಮಾಮೂಲು ಉತ್ತರವನ್ನು ಇಲ್ಲಿಟ್ಟು ನೋಡಬೇಕು. ಒಪ್ಪಂದವು ಪ್ಯಾಕಿಂಗ್ ದೋಷವನ್ನು ಹೆಸರು ಹೇಳಿ ವಿನಾಯಿತಿಯಾಗಿ ಕೊಟ್ಟಿರುವುದು ಸರಕು ಸಾಗಣೆಗೆ. ಲಗೇಜಿನ ವಿಧಿಯಲ್ಲಿ ಆ ಮಾತಿಲ್ಲ. ಪ್ರಯಾಣಿಕನ ನಿರ್ಲಕ್ಷ್ಯವೂ ಹಾನಿಗೆ ಸೇರಿತ್ತು ಎಂದು ಸಂಸ್ಥೆ ಬೇರೆ ವಿಧಿಯಡಿ ವಾದಿಸಬಹುದು, ಆಗ ಅದನ್ನು ಸಾಬೀತು ಮಾಡುವ ಹೊರೆ ಅದರದೇ.

ಕೌಂಟರಿನಲ್ಲಿ ಸೈಕಲ್ಲಿಗೋ ಪೋಲಿಗೋ ಟ್ಯಾಗ್ ಕಟ್ಟುವಾಗ ಒಂದು ಚೀಟಿಗೆ ಸಹಿ ಹಾಕಿಸಿಕೊಳ್ಳುವ ರೂಢಿಯಿದೆ. “ಮುರಿಯುವ ವಸ್ತು, ಹಾನಿಯಾದರೆ ಸಂಸ್ಥೆ ಹೊಣೆಯಲ್ಲ” ಎಂಬ ಅರ್ಥದ ಒಕ್ಕಣೆ ಅದರಲ್ಲಿರುತ್ತದೆ. ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತೆಂದು ಬಹಳ ಜನ ದೂರನ್ನೇ ಕೊಡುವುದಿಲ್ಲ. ಅಂತರರಾಷ್ಟ್ರೀಯ ಪ್ರಯಾಣದ ಮಟ್ಟಿಗೆ ಅದು ತಪ್ಪು ತಿಳಿವಳಿಕೆ. ಸಂಸ್ಥೆಯನ್ನು ಹೊಣೆಯಿಂದ ಬಿಡಿಸುವ ಅಥವಾ ಒಪ್ಪಂದ ಹೇಳಿದ್ದಕ್ಕಿಂತ ಕಡಿಮೆ ಮಿತಿ ಹಾಕುವ ಯಾವ ಕರಾರೂ ಶೂನ್ಯ ಎಂದು 26ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಸಾರಿಗೆ ಇಲಾಖೆ 2009ರಲ್ಲಿ ಇದನ್ನೇ ವಿಮಾನ ಸಂಸ್ಥೆಗಳಿಗೆ ನೆನಪಿಸಿತ್ತು: ಬೇಡವೆಂದರೆ ವಸ್ತುವನ್ನು ಒಪ್ಪಿಕೊಳ್ಳಬೇಡಿ, ಒಪ್ಪಿಕೊಂಡ ಮೇಲೆ ಹೊಣೆಯಿಲ್ಲ ಎನ್ನಬೇಡಿ ಎಂಬುದು ಅದರ ತಾತ್ಪರ್ಯ. ಆ ಚೀಟಿಗೆ ಒಂದು ಉಪಯೋಗ ಮಾತ್ರ ಉಳಿಯುತ್ತದೆ. ವಸ್ತುವಿನಲ್ಲಿ ಆಗಲೇ ಇದ್ದ ಗೀರು, ಬಿರುಕನ್ನು ಅದರಲ್ಲಿ ಬರೆದಿದ್ದರೆ ಅದು ಸಾಕ್ಷ್ಯವಾಗುತ್ತದೆ. ಆದ್ದರಿಂದ ಸಹಿ ಮಾಡುವ ಮೊದಲು ಅಲ್ಲಿ ಏನು ಗುರುತು ಹಾಕಿದ್ದಾರೆಂದು ನೋಡಬೇಕು.

ಹೊಣೆಯಿದೆ, ಆದರೆ ಅದಕ್ಕೆ ಮಿತಿಯಿದೆ. ಮಾಂಟ್ರಿಯಲ್ ಒಪ್ಪಂದದಡಿ ಒಬ್ಬ ಪ್ರಯಾಣಿಕನ ಲಗೇಜಿಗೆ ಗರಿಷ್ಠ ಪರಿಹಾರ ಮೊದಲು 1,000 ಎಸ್‌ಡಿಆರ್ ಇತ್ತು. ಮೂರು ಬಾರಿ ಏರಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ ಆಗಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಐದು ದೊಡ್ಡ ಕರೆನ್ಸಿಗಳನ್ನು ಸೇರಿಸಿ ಬೆಲೆ ಕಟ್ಟುವ ಲೆಕ್ಕದ ಹಣ. ವಿನಿಮಯ ದರ ನೋಡಿಕೊಂಡು ಈ ಮಿತಿ ಸುಮಾರು 1.8 ಲಕ್ಷ ರೂಪಾಯಿಯ ಆಸುಪಾಸಿಗೆ ಬರುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ಮಿತಿ 20,000 ರೂಪಾಯಿ. ಸ್ಪರ್ಧೆಯ ಕಾರ್ಬನ್ ಸೈಕಲ್ಲಿನ ಒಂದು ಜೊತೆ ಚಕ್ರಕ್ಕೂ ಈ ಎರಡನೆಯ ಮೊತ್ತ ಸಾಲದು.

ಇಲ್ಲೊಂದು ವಿಷಯ ಕರ್ನಾಟಕದ ಸೈಕಲ್ ಪಟುಗಳು ವಿಶೇಷವಾಗಿ ಗಮನಿಸುವಂಥದ್ದು. ವಿಜಯಪುರ, ಬಾಗಲಕೋಟೆಯ ಕಡೆಯಿಂದ ರಾಷ್ಟ್ರಮಟ್ಟದ ಸೈಕಲ್ ಸವಾರರು ಬರುವುದು ಹಳೆಯ ಮಾತು. ಅಂಥ ಒಬ್ಬರು ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಯುರೋಪಿಗೆ ಹಾರುತ್ತಾರೆ ಎಂದುಕೊಳ್ಳೋಣ. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದರೆ ಒಪ್ಪಂದದ ಕಣ್ಣಿನಲ್ಲಿ ಅದು ಅಖಂಡವಾದ ಒಂದು ಅಂತರರಾಷ್ಟ್ರೀಯ ಪ್ರಯಾಣ. ಸೈಕಲ್ಲು ಹುಬ್ಬಳ್ಳಿಯ ನಿಲ್ದಾಣದಲ್ಲಿಯೇ ಮುರಿದರೂ 1,519 ಎಸ್‌ಡಿಆರ್ ಮಿತಿಯೇ ಅನ್ವಯಿಸುತ್ತದೆ. ಕೆಲವು ನೂರು ರೂಪಾಯಿ ಉಳಿಯುತ್ತದೆಂದು ಎರಡನ್ನೂ ಬೇರೆ ಬೇರೆಯಾಗಿ ಕೊಂಡಿದ್ದರೆ ಮೊದಲ ಹಾರಾಟದ ಹಾನಿಗೆ 20,000 ರೂಪಾಯಿಯೇ ಗತಿ. ಒಂದೇ ಟಿಕೆಟ್ಟಿನಲ್ಲಿ ಹಲವು ಸಂಸ್ಥೆಗಳಿದ್ದರೆ ಮೊದಲನೆಯ ಸಂಸ್ಥೆ, ಕೊನೆಯ ಸಂಸ್ಥೆ, ಹಾನಿಯಾದಾಗ ಒಯ್ಯುತ್ತಿದ್ದ ಸಂಸ್ಥೆ ಇವುಗಳಲ್ಲಿ ಯಾರನ್ನಾದರೂ ಕೇಳಬಹುದು. “ನಮ್ಮ ವಿಮಾನದಲ್ಲಿ ಆದದ್ದಲ್ಲ” ಎಂದು ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಿದರೂ ಮೊದಲ ಮತ್ತು ಕೊನೆಯ ಸಂಸ್ಥೆಗಳು ಪ್ರಯಾಣಿಕನಿಗೆ ಉತ್ತರ ಕೊಡಲೇಬೇಕು.

ಮಿತಿಯನ್ನು ಏರಿಸಿಕೊಳ್ಳುವ ಒಂದು ದಾರಿಯನ್ನು ಒಪ್ಪಂದವೇ ತೆರೆದಿಟ್ಟಿದೆ. ಲಗೇಜು ಒಪ್ಪಿಸುವಾಗ ಅದರ ಮೌಲ್ಯ ಇಷ್ಟು ಎಂದು ವಿಶೇಷವಾಗಿ ಘೋಷಿಸಿ, ಸಂಸ್ಥೆ ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿದರೆ, ಘೋಷಿಸಿದ ಮೊತ್ತದವರೆಗೂ ಸಂಸ್ಥೆ ಹೊಣೆಯಾಗುತ್ತದೆ. ಈ ಘೋಷಣೆಯ ವಿಷಯ ಗೊತ್ತಿರುವ ಕೌಂಟರ್ ಸಿಬ್ಬಂದಿ ಸಿಗುವುದು ಅಪರೂಪ. ಸಾಕಷ್ಟು ಮೊದಲೇ ಸಂಸ್ಥೆಗೆ ಬರೆದು ಕೇಳುವುದು ವಾಸಿ. ಅದಾಗದಿದ್ದರೆ ಸಲಕರಣೆಗೆ ಪ್ರತ್ಯೇಕ ವಿಮೆ ಮಾಡಿಸಬೇಕು, ಅದರಲ್ಲಿ ವಿಮಾನ ಪ್ರಯಾಣದ ಹಾನಿ ಸೇರಿದೆಯೇ ಎಂದು ಓದಿ ನೋಡಬೇಕು.

ಇನ್ನು “ಲಗೇಜಾಗಿ ಆಗುವುದಿಲ್ಲ, ಕಾರ್ಗೋದಲ್ಲಿ ಕಳಿಸಿ” ಎಂಬ ಸಲಹೆ. ಪೋಲ್‌ವಾಲ್ಟ್‌ನವರಿಗೆ ಇದು ಪದೇ ಪದೇ ಕೇಳುವ ಮಾತು, ಕೆಲವೊಮ್ಮೆ ಬೇರೆ ದಾರಿಯೂ ಇರುವುದಿಲ್ಲ. ಆದರೆ ಕಾರ್ಗೋ ರಸೀತಿ ಕೈಗೆ ಬಂದ ಕೂಡಲೇ ಕಾನೂನಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಮಾಂಟ್ರಿಯಲ್ ಒಪ್ಪಂದದಡಿ ಸರಕಿಗೆ ಪರಿಹಾರದ ಮಿತಿ ಕಿಲೋ ಒಂದಕ್ಕೆ 26 ಎಸ್‌ಡಿಆರ್. ಪೋಲ್ ಎಂಬುದು ಹಗುರವಾಗಿರುವುದಕ್ಕೇ ಬೆಲೆಬಾಳುವ ವಸ್ತು. ಒಂದೊಂದು ಎರಡು ಮೂರು ಕಿಲೋ ತೂಗುತ್ತದೆ. ಆರು ಪೋಲ್‌ಗಳ ಕಟ್ಟು ಹೊದಿಕೆ ಸೇರಿ 20 ಕಿಲೋ ಇದ್ದರೆ ಮಿತಿ 520 ಎಸ್‌ಡಿಆರ್, ಲಗೇಜಿನ ಮಿತಿಯ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಅಲ್ಲದೆ ಲಗೇಜನ್ನು ಬೇಕೆಂದೇ ಅಥವಾ ಹಾನಿಯಾದೀತೆಂದು ತಿಳಿದೂ ಬೇಜವಾಬ್ದಾರಿಯಿಂದ ಹಾಳುಮಾಡಿದ್ದು ಸಾಬೀತಾದರೆ ಮಿತಿ ಮುರಿಯುತ್ತದೆ. ಸರಕಿನ ಮಿತಿ ಆಗಲೂ ಮುರಿಯುವುದಿಲ್ಲ. ಮೇಲೆ ಹೇಳಿದ ಪ್ಯಾಕಿಂಗ್ ದೋಷದ ವಿನಾಯಿತಿಯೂ ಸಂಸ್ಥೆಗೆ ಸಿಗುತ್ತದೆ. ಕಾರ್ಗೋದಲ್ಲಿ ಕಳಿಸುವುದಾದರೆ ಮೌಲ್ಯದ ಘೋಷಣೆ ಆಯ್ಕೆಯ ಮಾತಲ್ಲ, ಅಗತ್ಯ.

ಮಿತಿ ಎಂದರೆ ಕೈಗೆ ಬರುವ ಮೊತ್ತವಲ್ಲ ಎಂಬುದೂ ನೆನಪಿರಬೇಕು. ಕಳೆದುಹೋದ ಚೀಲಕ್ಕೆ ಗರಿಷ್ಠ ಮೊತ್ತ ತಾನಾಗಿಯೇ ಸಿಗಬೇಕು ಎಂದು ವಾದಿಸಿದ ಸ್ಪೇನಿನ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2020ರಲ್ಲಿ ಅದನ್ನು ಒಪ್ಪಲಿಲ್ಲ. ಏನೇನಿತ್ತು, ಎಷ್ಟು ಬೆಲೆಯದು ಎಂಬುದನ್ನು ತೋರಿಸಬೇಕು ಎಂದಿತು. ಅದೇ ನ್ಯಾಯಾಲಯ 2012ರಲ್ಲಿ, ಬಾರ್ಸಿಲೋನಾದಿಂದ ಪ್ಯಾರಿಸ್ಸಿಗೆ ಹೋಗುವಾಗ ಎರಡು ಸೂಟ್‌ಕೇಸ್ ಕಳೆದುಕೊಂಡ ನಾಲ್ವರ ಕುಟುಂಬದ ಮೊಕದ್ದಮೆಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿ ಒಪ್ಪಿಸಿದ ಚೀಲದೊಳಗೆ ತನ್ನ ವಸ್ತುಗಳಿದ್ದವು ಎಂದು ಸಾಬೀತು ಮಾಡುವ ಪ್ರತಿ ಪ್ರಯಾಣಿಕನಿಗೂ ತನ್ನದೇ ಮಿತಿಯವರೆಗೆ ಕೇಳುವ ಹಕ್ಕಿದೆ ಎಂದು ಹೇಳಿತ್ತು. ತಂಡದ ವ್ಯವಸ್ಥಾಪಕರ ಹೆಸರಿನಲ್ಲಿ ಎಲ್ಲರ ಪೋಲನ್ನೂ ಒಂದೇ ಕಟ್ಟಾಗಿ ಒಪ್ಪಿಸುವ ನಮ್ಮ ಕ್ರೀಡಾ ತಂಡಗಳಿಗೆ ಈ ತೀರ್ಪಿನ ತರ್ಕ ಬಹಳ ಬೆಲೆಯುಳ್ಳದ್ದು. ಇವು ಯುರೋಪಿನ ತೀರ್ಪುಗಳಾದ್ದರಿಂದ ಭಾರತದ ಗ್ರಾಹಕ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ; ಆದರೆ ಅರ್ಥ ಹೇಳಿರುವುದು ಭಾರತವೂ ಒಪ್ಪಿಕೊಂಡ ಅದೇ ಒಪ್ಪಂದಕ್ಕೆ, ಹಾಗಾಗಿ ವಾದದಲ್ಲಿ ಮುಂದಿಡಬಹುದು. ಕೊಂಡ ರಸೀತಿ, ಪೋಲ್ ಮೇಲಿನ ಕ್ರಮಸಂಖ್ಯೆ, ಪೆಟ್ಟಿಗೆ ಮುಚ್ಚುವ ಮೊದಲು ತೆಗೆದ ಫೋಟೊ, ಯಾವ ವಸ್ತು ಯಾರದೆಂಬ ಪಟ್ಟಿ: ಸಾಕ್ಷ್ಯವೆಂದರೆ ಇಷ್ಟೇ.

ಕ್ರೀಡಾಪಟುವಿಗೆ ನಿಜವಾಗಿ ನಷ್ಟವಾಗುವುದು ವಸ್ತುವಿಗಿಂತ ಸ್ಪರ್ಧೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮಹಿಳಾ ಪೋಲ್‌ವಾಲ್ಟ್ ಫೈನಲ್‌ನಲ್ಲಿ ಬ್ರೆಜಿಲ್‌ನ ಫಬಿಯಾನಾ ಮುರೇರ್ ಅವರ ಒಂದು ಪೋಲ್ ಕಾಣೆಯಾಯಿತು. ತಪ್ಪು ವಿಮಾನ ಸಂಸ್ಥೆಯದಲ್ಲ, ಸಂಘಟಕರದು. ಅರ್ಹತಾ ಸುತ್ತಿನಲ್ಲಿ ಹೊರಬಿದ್ದವರ ಪೋಲ್‌ಗಳ ಜೊತೆ ಅದು ಸೇರಿಹೋಗಿತ್ತು. ಉಳಿದ ಪೋಲ್‌ಗಳು ಕೈಯಲ್ಲಿದ್ದರೂ ಆ ಎತ್ತರಕ್ಕೆ ಬೇಕಾದದ್ದು ಅದೊಂದೇ. ಹುಡುಕಿ ಸಿಗದೆ ಬೇರೆ ಪೋಲ್ ಹಿಡಿದ ಅವರು 4.65 ಮೀಟರ್ ದಾಟಲಾರದೆ ಹೊರಬಿದ್ದರು. ಮೂರು ವರ್ಷಗಳ ನಂತರ ದಕ್ಷಿಣ ಕೊರಿಯಾದ ಡೇಗುವಿನಲ್ಲಿ 4.85 ಮೀಟರ್ ಏರಿ ವಿಶ್ವ ಚಾಂಪಿಯನ್ ಆದವರು ಇದೇ ಮುರೇರ್. ಇಂಥದ್ದೇ ನಷ್ಟ ವಿಮಾನದ ದಾರಿಯಲ್ಲಿ ಆದರೆ ಕಾನೂನು ಏನು ಕೊಡುತ್ತದೆ? ವಿಳಂಬದಿಂದಾದ ಹಾನಿಗೆ 19ನೇ ವಿಧಿ ಹೊಣೆ ಹೊರಿಸುತ್ತದೆ. ಬದಲಿ ಸಲಕರಣೆಯ ಬಾಡಿಗೆ, ತುರ್ತಾಗಿ ಕೊಂಡ ಬೂಟು, ವ್ಯರ್ಥವಾದ ಪ್ರವೇಶ ಶುಲ್ಕ ಇವನ್ನು ರಸೀತಿಯೊಡನೆ ಕೇಳಬಹುದು. ಗೆಲ್ಲಬಹುದಾಗಿದ್ದ ಪದಕ, ಬಹುಮಾನದ ಹಣ ಬರೀ ಊಹೆಯ ಮಾತಾಗುತ್ತವೆ. ಮಾನಸಿಕ ಕ್ಲೇಶಕ್ಕೆ ಬೇರೆ ಹಣ ಕೇಳಿದರೂ ಅದು ಅದೇ ಮಿತಿಯೊಳಗೇ ಬರಬೇಕು ಎಂದು ಯುರೋಪಿನ ನ್ಯಾಯಾಲಯ 2010ರಲ್ಲಿ ಹೇಳಿದೆ. 2022ರ ಡಿಸೆಂಬರ್‌ನಲ್ಲಿ ಕ್ರಿಕೆಟಿಗ ದೀಪಕ್ ಚಾಹರ್ ನ್ಯೂಜಿಲೆಂಡಿನಿಂದ ಢಾಕಾಕ್ಕೆ ಬಂದಿಳಿದಾಗ ಲಗೇಜು ಬಂದಿರಲಿಲ್ಲ, ಮರುದಿನ ಪಂದ್ಯವಿತ್ತು. ರಾಷ್ಟ್ರೀಯ ತಂಡದವರಿಗೆ ಬ್ಯಾಟು ಗ್ಲೌಸು ಯಾರಾದರೂ ಕೊಡುತ್ತಾರೆ. ಒಬ್ಬಂಟಿಯಾಗಿ ಟ್ರಯಾಥ್ಲಾನ್‌ಗೆ ಹೋದ ಬೆಂಗಳೂರಿನ ಸವಾರನಿಗೆ ಅವನ ಅಳತೆಯ ಸೈಕಲ್ಲು ಹಾಗೆ ಸಿಗುವುದಿಲ್ಲ.

ದೂರು ಕೊಡುವ ಅವಧಿಗಳು ಕಟ್ಟುನಿಟ್ಟು. ಹಾನಿಯಾಗಿದ್ದರೆ ಲಗೇಜು ಕೈಸೇರಿದ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ ಇಪ್ಪತ್ತೊಂದು ದಿನದೊಳಗೆ ಬರಹದಲ್ಲಿ ದೂರು ಹೋಗಬೇಕು. ಬರಬೇಕಾದ ದಿನದಿಂದ ಇಪ್ಪತ್ತೊಂದು ದಿನ ಕಳೆದರೂ ಬಾರದ್ದು ಕಳೆದುಹೋದಂತೆಯೇ. ನಿಲ್ದಾಣದಿಂದ ಹೊರಬೀಳುವ ಮೊದಲೇ ಲಗೇಜು ವಿಭಾಗದಲ್ಲಿ ಪಿಐಆರ್ ಎಂಬ ದೂರುಪತ್ರ ಮಾಡಿಸುವುದು ಉತ್ತಮ. ಆದರೆ ಕಾರ್ಬನ್ ಚೌಕಟ್ಟಿನ ಬಿರುಕು ನಿಲ್ದಾಣದಲ್ಲಿ ಕಾಣುವಂಥದ್ದಲ್ಲ. ಬಣ್ಣದ ಕೆಳಗೆ ಕೂದಲೆಳೆಯಂತೆ ಅಡಗಿದ್ದು ಭಾರ ಬಿದ್ದಾಗ ಬಾಯಿಬಿಡುತ್ತದೆ. ದೂರು ಕೊಡದೆ ಲಗೇಜು ಪಡೆದವರ ವಸ್ತು ಸುಸ್ಥಿತಿಯಲ್ಲಿ ತಲುಪಿತೆಂದೇ ಒಪ್ಪಂದ ಭಾವಿಸುತ್ತದೆ. ಹಾಗಾಗಿ ಪ್ರಯಾಣದ ದಣಿವು ಕಳೆಯಲಿ ಎಂದು ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ಎರಡನೆಯ ವಾರದಲ್ಲಿ ಬಿಚ್ಚುವವರು ತಮ್ಮ ಹಕ್ಕನ್ನು ತಾವೇ ಕಳೆದುಕೊಳ್ಳುತ್ತಾರೆ. ಮೊದಲ ದಿನವೇ ಬಿಚ್ಚಿ, ಮೆಕ್ಯಾನಿಕ್ಕಿಗೆ ತೋರಿಸಿ, ಅನುಮಾನವಿದ್ದರೂ ಸರಿ, ಇಮೇಲ್ ಕಳಿಸಿಬಿಡಬೇಕು.

ಸಂಸ್ಥೆಯ ಉತ್ತರ ಸಮಾಧಾನ ತರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣವಿದೆ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಇವು ಒತ್ತಡ ತರಬಲ್ಲವು, ತೀರ್ಪು ಕೊಡಲಾರವು. ತೀರ್ಪಿಗೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ವಿಜಯಪುರದ ಸವಾರ ದೆಹಲಿಗೋ ಗುರುಗ್ರಾಮಕ್ಕೋ ಅಲೆಯಬೇಕಾಗಿಲ್ಲ. ಆಯೋಗದ ವ್ಯಾಪ್ತಿಯನ್ನು ಅಳೆಯುವುದು ಕೊಟ್ಟ ಹಣದ ಮೇಲೆ, ಅಂದರೆ ಟಿಕೆಟ್ಟಿನ ಬೆಲೆಯ ಮೇಲೆ. ಅದು 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅಂತರರಾಷ್ಟ್ರೀಯ ಒಪ್ಪಂದದ ವಿಷಯ ಗ್ರಾಹಕ ಆಯೋಗಕ್ಕೆ ಸೇರಿದ್ದಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2011ರಲ್ಲಿ, ಸ್ಪೇನಿಗೆ ಕಳಿಸಿದ ಸಿದ್ಧ ಉಡುಪುಗಳ ಪ್ರಕರಣದಲ್ಲಿ, ಆಗ ಜಾರಿಯಲ್ಲಿದ್ದ ಹಿಂದಿನ ವಾರ್ಸಾ ಒಪ್ಪಂದದ ಸಂದರ್ಭದಲ್ಲಿಯೇ ತಳ್ಳಿಹಾಕಿದೆ.

ಎರಡೂ ಕಾನೂನುಗಳಲ್ಲಿ ದಾವೆಯ ಅವಧಿ ಎರಡು ವರ್ಷ. ಗ್ರಾಹಕ ಕಾಯ್ದೆಯಲ್ಲಿ ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು. ಮಾಂಟ್ರಿಯಲ್ ಒಪ್ಪಂದದ 35ನೇ ವಿಧಿಯಲ್ಲಿ ಅಂಥ ಮಾತಿಲ್ಲ; ವಿಮಾನ ತಲುಪಿದ ಅಥವಾ ತಲುಪಬೇಕಾಗಿದ್ದ ದಿನದಿಂದ ಎರಡು ವರ್ಷ ಕಳೆದರೆ ಹಕ್ಕೇ ಅಳಿಯುತ್ತದೆ. “ನಿಮ್ಮ ದೂರು ಪರಿಶೀಲನೆಯಲ್ಲಿದೆ” ಎಂದು ಸಂಸ್ಥೆಯಿಂದ ತಿಂಗಳಿಗೊಮ್ಮೆ ಬರುವ ಇಮೇಲ್ ಈ ಲೆಕ್ಕವನ್ನು ಒಂದು ದಿನವೂ ಮುಂದೂಡುವುದಿಲ್ಲ.